ಬುಷ್ ಬಂತಾ, ಗೋಪಾಲ?

ನೋಯ್ಡಾ
ಗುರುವಾರ, ೧೪ ಡಿಸೆಂಬರ್ ೨೦೦೬

ಪ್ರೀತಿಯ ಸಾಕೇತ್,

ಮಾವ ಚೆನ್ನಾಗಿಲ್ಲ, ಆದರೆ ಇದ್ದಾರೆ. ಇದನ್ನು ಮೊದಲ ಸಾಲಿಗೇ ಬರೆಯುತ್ತಿದ್ದೇನೆ. ನನ್ನ ಅಕ್ಷರದ ಲಕೋಟೆ ಕಂಡಾಗಲೇ ಕೆಟ್ಟ ಸುದ್ದಿಯೆಂದು ಹೆದರಿರುತ್ತೀಯ ಎಂದು ಗೊತ್ತು. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಮಾಡಿದ್ದೆ. ಪ್ರತಿ ಸಲವೂ ಒಂದೆರಡು ರಿಂಗಾದ ಮೇಲೆ ಕಟ್ ಆಗಿ, ಮೀಟಿಂಗ್‌ನಲ್ಲಿದ್ದೇನೆ ಎಂದು ಮೆಸೇಜ್ ಬರುತ್ತಿತ್ತು. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಅರ್ಧ ಓದಿ ಮಡಚಿಟ್ಟರೂ ಉಳಿದರ್ಧ ನಿನ್ನ ಮೇಜಿನ ಮೇಲೆ ಕೂತೇ ಇರುತ್ತದೆ. ಗುಡಗಾಂವಿನ ನಿನ್ನ ಆಫೀಸಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀನೀಗ ಇರುವ ಮನೆಯ ವಿಳಾಸ ನನಗೆ ಗೊತ್ತಿಲ್ಲ. ಕಟ್ಟಿಕೊಂಡ ಹೆಂಡತಿ ಇದನ್ನು ಬರೆಯಬೇಕಾಗಿ ಬಂತಲ್ಲ ಎಂದು ನಾಚಿಕೆಯಾಗುತ್ತದೆ.

ನೀನು ಮನೆ ಬಿಟ್ಟ ಆ ಭಾನುವಾರದ ಬಗ್ಗೆ ನನಗೆ ಸಿಟ್ಟಿಲ್ಲ. ನಾನೇ ಕಣ್ಣಾರೆ ಕಂಡೆನಲ್ಲ. ಮಾವನನ್ನು ವರಾಂಡದ ಬಿಸಿಲಿನಲ್ಲಿ ಕೂರಿಸಿ, ಕೊರಳಿಗೆ ಟವೆಲ್ ಸುತ್ತಿ, ಎಷ್ಟು ಹಗುರವಾದ ಕೈಯಲ್ಲಿ ಗಡ್ಡ ಬೋಳಿಸುತ್ತಿದ್ದೆ ನೀನು. ಒಂದು ಕೆನ್ನೆ ಮುಗಿದಿತ್ತು. ಇದ್ದಕ್ಕಿದ್ದಂತೆ ಅವರು ನಿನ್ನ ಮುಖ ನೋಡಿ, ಯಾರೋ ಅಪರಿಚಿತ ಕತ್ತಿಯಂಥದ್ದೇನೋ ಹಿಡಿದು ನಿಂತಿದ್ದಾನೆಂದು ಬೆದರಿ, ನಿನ್ನ ಕಪಾಳಕ್ಕೆ ಹೊಡೆದು, "ಚೋರ್, ಚೋರ್" ಎಂದು ಕೂಗಿ ಇಡೀ ಬ್ಲಾಕನ್ನೇ ಸೇರಿಸಿಬಿಟ್ಟರು. ನಾನು ನಿಮ್ಮ ಮಗ ಅಪ್ಪಾ ಎಂದು ನೀನು ಹೇಳಿದರೆ, "ನನ್ನ ಮಗ ಇನ್ನೂ ಸ್ಕೂಲಿಗೆ ಹೋಗೋ ಹುಡುಗ. ನೀನ್ಯಾರು ಹೇಳು" ಅಂದರು, ಅಷ್ಟು ಜನರ ಎದುರಿಗೆ. ನಿನ್ನ ಕೆನ್ನೆಯ ಮೇಲೆ ಅವರ ಸೋಪಿನ ನೊರೆ ಅಂಟಿತ್ತು. ಅದನ್ನು ಒರೆಸಿಕೊಳ್ಳದೆಯೇ ನೀನು ಒಳಗೆ ಹೋಗಿ ಬಟ್ಟೆ ತುಂಬಿಕೊಂಡೆ. ಸ್ವಲ್ಪ ದಿನ ಆಫೀಸಿನ ಹತ್ತಿರವೇ ಇರುತ್ತೇನೆ ಅಂದೆ. ಹೋಗಿ ಬಾ ಎಂದು ನಾನೇ ಅಂದೆ. ಬಾ ಎಂಬ ಮಾತನ್ನು ನೀನು ಕೇಳಿಸಿಕೊಂಡೆಯೋ ಇಲ್ಲವೋ.

ನೀನು ಹೋದ ಮೇಲೆ ಮಾವನಿಗೆ ಹೊಸದೊಂದು ಧಾವಂತ ಶುರುವಾಯಿತು. ಬೆಳಿಗ್ಗೆ ಏಳುವುದು, ತಾವೇ ಶರ್ಟನ್ನು ಪ್ಯಾಂಟಿನೊಳಗೆ ಸಿಕ್ಕಿಸಿ ಬೂಟು ಕಟ್ಟುವುದು, ಬಾಗಿಲಿಗೆ ಬಂದು ನಿಲ್ಲುವುದು. "ಡಾಕ್ ಹೋಗಬೇಕು. ಬ್ರಿಗೇಡಿನಲ್ಲಿ ಕಾಯ್ತಾ ಇದ್ದಾರೆ." ಸಿಗ್ನಲ್ಸ್‌ನಲ್ಲಿ ಡಿಸ್ಪ್ಯಾಚ್ ರೈಡರ್ ಆಗಿ, ಮೋಟರ್‌ಸೈಕಲ್ಲಿನ ಮೇಲೆ ಆರ್ಮಿಯ ಕಾಗದಪತ್ರ ಹೊತ್ತು ಬೆಟ್ಟಬಯಲು ತಿರುಗಿದ ದಿನಗಳಿಗೆ ಅವರು ವಾಪಸ್ ಹೋಗಿಬಿಟ್ಟಿದ್ದರು. ಅತ್ತೆ ತೀರಿಕೊಂಡದ್ದು ಗೊತ್ತಿಲ್ಲ, ಪೆನ್ಷನ್ ಆದದ್ದು ಗೊತ್ತಿಲ್ಲ, ಡಾಕ್ ಮಾತ್ರ ಗೊತ್ತು. ಗೇಟಿನ ಗಾರ್ಡ್ ಭಯ್ಯಾ ಪಾಪ, "ಆಯಿಯೇ ಸಾಬ್" ಎಂದು ಕೈ ಹಿಡಿದು ಕರೆತಂದು ಬಿಡುತ್ತಿದ್ದ. ಏಜೆನ್ಸಿಯಿಂದ ಬಂದ ಆಯಾಗಳು ನಿಲ್ಲಲಿಲ್ಲ. ಮನೆಗೆ ನುಗ್ಗಿದವರೆಂದು ತಿಳಿದು ಅವರ ಮೇಲೂ ಕೈಯೆತ್ತಿದರು. ನನ್ನ ಮೇಲೆ ಯಾಕೋ ಎತ್ತಲಿಲ್ಲ. ಮೇಲಿನ ಮನೆಯ ದೇವೇಂದ್ರಪ್ಪ ಅಂಕಲ್ ಇಲ್ಲದಿದ್ದರೆ ನಾನು ಯಾವಾಗಲೋ ಕೆಲಸ ಬಿಡಬೇಕಾಗುತ್ತಿತ್ತು. ಏರ್‌ಫೋರ್ಸಿನಿಂದ ರಿಟೈರಾದವರು, ಬಳ್ಳಾರಿಯವರು, ಮಾತು ಜಾಸ್ತಿ ಎಂದು ನೀನು ತಪ್ಪಿಸಿಕೊಂಡು ಓಡಾಡುತ್ತಿದ್ದೆಯಲ್ಲ, ಅವರೇ. ನಾನು ಅರ್ಧ ದಿನ ಆಫೀಸಿಗೆ ಹೋದಾಗ ಪೇಪರ್ ಹಿಡಿದುಕೊಂಡು ಬಂದು ಮಾವನ ಜೊತೆ ಕೂರುತ್ತಾರೆ.

ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಕೆಂಪು ಬೈಕು ಸ್ಟಾರ್ಟ್ ಆದ ಸದ್ದು ಕೇಳಿಸಿತು. ನೀನು ಚಿಕ್ಕವನಿದ್ದಾಗ ಯಾವುದೋ ರಾಯಭಾರ ಕಚೇರಿಯವನು ದೇಶ ಬಿಡುವಾಗ ಮಾವನಿಗೆ ಕೊಟ್ಟುಹೋದ ಅದೇ ಜಪಾನಿ ಬೈಕು. ರಜೆಯ ದಿನ ಮಾವ ಅದರಲ್ಲಿ ಅರಾವಳಿಯ ಕಲ್ಲುಗುಡ್ಡ ಹತ್ತಿಸುತ್ತಿದ್ದರಂತೆ, ನೀನು ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದೆಯಂತೆ, ಮದುವೆಗೆ ಮುಂಚೆ ಎಷ್ಟು ಸಲ ಹೇಳಿದ್ದೆ. ನಾನು ಒದ್ದೆ ಕೂದಲಲ್ಲೇ ಹೊರಗೆ ಓಡಿ ಬರುವಷ್ಟರಲ್ಲಿ ಅವರು ಗೇಟಿನ ಹತ್ತಿರ ಇದ್ದರು. ರಸ್ತೆಯುಬ್ಬಿನ ಮುಂದೆ ಬ್ರೇಕ್ ಹಿಡಿದಿದ್ದೇ ತಡ, ಮುಂದಿನ ಭಾಗ ಲಟಕ್ಕೆಂದು ಕುಸಿದು, ಹ್ಯಾಂಡಲ್ ಅತ್ತಿತ್ತ ಒದ್ದಾಡಿ ಬಿದ್ದರು. ಮೊಣಕೈ ಹರಿಯಿತು. ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ. ಡಾಕ್ಟರ್ ಹೊಲಿಗೆ ಹಾಕುತ್ತಾ, ಮೊದಲು ಆ ಗಾಡಿಯನ್ನು ಮನೆಯಿಂದ ಸಾಗಹಾಕಿ ಎಂದರು. ಸೊಸೈಟಿಯ ಸೆಕ್ರೆಟರಿಯೂ ಬಂದು ಅದನ್ನೇ ಹೇಳಿದರು, ಇನ್ನಷ್ಟು ಗಟ್ಟಿಯಾಗಿ.

ಹಳೇ ಬೈಕು ಕೊಳ್ಳುವವನೊಬ್ಬ ಕರೋಲ್ ಬಾಗಿನಿಂದ ಬಂದ. ಮಾವ ವರಾಂಡದಿಂದ ಇಳಿದು ಬಂದು ಅವನ ಕೈಯಿಂದ ಹ್ಯಾಂಡಲ್ ಬಿಡಿಸಿಕೊಂಡರು. ನಾನು ಜಗಳವಾಗುತ್ತದೆ ಎಂದು ಹೆದರಿದೆ. ಅವರು ಜಗಳ ಮಾಡಲಿಲ್ಲ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಬೈಕನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿದರು. ಟಕ್, ಟಕ್ ಎಂದು ಒಳಗಿನಿಂದ ಸದ್ದು ಬಂತು. "ಕೇಳಿಸ್ತಾ? ಫೋರ್ಕಿನ ಬುಷ್ ಸವೆದು ಹೋಗಿದೆ. ಈ ಸ್ಥಿತೀಲಿ ನಾನು ಗಾಡಿ ಯಾರ ಕೈಗೂ ಕೊಡೋದಿಲ್ಲ. ನಾಳೆ ಬಿದ್ದು ಸತ್ತರೆ ಯಾರು ಜವಾಬ್ದಾರಿ? ರಿಪೇರಿ ಆದ ಮೇಲೆ ಬಾ." ಬಂದವನು ನನ್ನ ಮುಖ ನೋಡಿದ. ನಾನು ಮಾವನ ಮುಖ ನೋಡುತ್ತಿದ್ದೆ. ತಿಂಗಳಿಗೂ ಹೆಚ್ಚು ಕಾಲದ ಮೇಲೆ ಅವರ ಬಾಯಿಂದ ಒಂದಕ್ಕೊಂದು ಹೊಂದಿಕೊಂಡ ಮಾತು ಬಂದಿತ್ತು, ಸಾಕೇತ್. ಅವನನ್ನು ಕಳಿಸಿಬಿಟ್ಟೆ.

ಆವತ್ತೇ ಕೆಲಸ ಶುರುವಾಯಿತು. ನಾನು ಲೆಕ್ಕ ಹಾಕಿದ್ದು ಇಷ್ಟೇ. ಮುಂದಿನ ಚಕ್ರ ಬಿಚ್ಚಿಟ್ಟರೆ ಅವರು ಓಡಿಸಿಕೊಂಡು ಹೋಗಲಾರರು, ಕೈಗೊಂದು ಕೆಲಸವೂ ಸಿಕ್ಕಂತಾಯಿತು. ಎಂಜಿನ್ ಕೆಳಗೆ ಮರದ ಪೆಟ್ಟಿಗೆ ಕೊಟ್ಟು ನಿಲ್ಲಿಸಿ, ಚಕ್ರ ತೆಗೆದು, ಅದನ್ನು ಹಿಡಿದಿಡುವ ಎರಡೂ ಫೋರ್ಕ್ ಕಾಲುಗಳನ್ನು ಇಳಿಸಿ ವರಾಂಡದಲ್ಲಿ ಗೋಣಿಚೀಲದ ಮೇಲೆ ಮಲಗಿಸಿದೆವು. ಮಾವನ ಬೆರಳು ನಡುಗುತ್ತವೆ, ಕಣ್ಣು ಮಂಜು. ಆದ್ದರಿಂದ ಬೋಲ್ಟು ತಿರುಗಿಸುವ ಪಾನಾ ನನ್ನ ಕೈಯಲ್ಲಿ, ಮಾತು ಅವರದು. ಆ ಮೊದಲ ದಿನವೇ ನನ್ನನ್ನು ಗೋಪಾಲ ಎಂದು ಕರೆದರು. ಆರ್ಮಿಯಲ್ಲಿ ಅವರ ಕೈಕೆಳಗೆ ಇದ್ದ ಯಾವನೋ ಜವಾನನಿರಬೇಕು. ನಾನು ಮಯೂರಿ, ಮಾವ, ಎಂದು ಒಂದು ಸಲ ತಿದ್ದಿದೆ. ಅವರ ಮುಖ ಕಳೆಗುಂದಿತು. ಮತ್ತೆ ತಿದ್ದಲಿಲ್ಲ. "ಹಾಂ ಸಾಬ್" ಅನ್ನಲು ಕಲಿತೆ.

ಫೋರ್ಕಿನ ಆಯಿಲ್ ಬಸಿದಾಗ ಕರ್ರಗೆ, ಹಳಸಿದ ಮೀನಿನ ವಾಸನೆಯಲ್ಲಿ ಬಂತು. ಮಾವ ಅದನ್ನು ತಟ್ಟೆಯಲ್ಲಿ ಬಿಸಿಲಿಗೆ ಓರೆಮಾಡಿ ತೋರಿಸಿದರು. ಒಳಗೆ ತಾಮ್ರದ ಸಣ್ಣ ಮಿಣುಕು. "ಬುಷ್ ಕರಗಿ ಇದರೊಳಗೆ ಬಂದಿದೆ, ನೋಡು." ಕೆಳಗಿನ ಬೋಲ್ಟು ಎಷ್ಟು ತಿರುಗಿಸಿದರೂ ಬಿಚ್ಚದೆ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ನಾನು ಅಳುವ ಹಾಗಾದೆ. ಸ್ಪ್ರಿಂಗ್ ವಾಪಸ್ ಹಾಕಿ ಮೇಲಿನಿಂದ ಒತ್ತಿ ಹಿಡಿ, ಆಮೇಲೆ ತಿರುಗಿಸು ಎಂದರು. ತಕ್ಷಣ ಬಂತು. ಆಮೇಲೆ ಫೋರ್ಕ್ ಕಾಲಿನ ಒಳಗಿನ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು, ಬಿಟ್ಟು, ಮತ್ತೆ ಎಳೆದು, ಠಕ್ ಠಕ್ ಎಂದು ಹೊಡೆದಾಗ ಸೀಲು, ವಾಷರು, ಬುಷ್ ಎಲ್ಲ ಒಟ್ಟಿಗೆ ಕಳಚಿ ನನ್ನ ಮಡಿಲಿಗೆ ಬಂದವು. ಬುಷ್ ಅಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಳೆಯಷ್ಟೂ ದಪ್ಪವಿಲ್ಲದ, ಒಂದು ಕಡೆ ಸೀಳಿದ ತೆಳು ಉಂಗುರ. ಮೇಲೆ ಬೂದು ಬಣ್ಣದ ನುಣುಪು ಲೇಪ ಇರಬೇಕಂತೆ. ಅದರ ಮೇಲೆಯೇ ಕೊಳವೆ ಜಾರುವುದು. ನಮ್ಮದರಲ್ಲಿ ಒಂದು ಪಕ್ಕ ಲೇಪವೆಲ್ಲ ಹೋಗಿ ತಾಮ್ರ ಕಾಣುತ್ತಿತ್ತು. ಮೆಕ್ಯಾನಿಕ್ ಮತ್ತೆ ಮತ್ತೆ ಸೀಲು ಬದಲಿಸಿದರೂ ಆಯಿಲ್ ಸೋರುತ್ತಲೇ ಇತ್ತೆಂದು ನೀನು ಗೊಣಗುತ್ತಿದ್ದೆ, ನೆನಪಿದೆಯಾ? ಮಾವ ಹೇಳಿದರು: "ಸೀಲಿನ ತಪ್ಪಲ್ಲ. ಒಳಗೆ ಕೊಳವೆ ಅಲ್ಲಾಡ್ತಾ ಇದ್ದರೆ ಯಾವ ಸೀಲು ತಾನೇ ತಡೆದೀತು?"

ಆ ಬುಷ್ ದೆಹಲಿಯಲ್ಲಿ ಎಲ್ಲೂ ಸಿಗಲಿಲ್ಲ. ಕರೋಲ್ ಬಾಗಿನ ಒಂದು ಗಲ್ಲಿ ಪೂರ್ತಿ ಸುತ್ತಿದೆ. ಇಷ್ಟು ಹಳೇ ಗಾಡಿಯದು ಬರುವುದಿಲ್ಲ ಮೇಡಂ ಎಂದು ಎಲ್ಲರೂ ಕೈಯಾಡಿಸಿದರು. ಕೊನೆಗೆ ನನ್ನ ಟೀಮಿನ ಅದಿತಿ ಸಿಂಗಪುರಕ್ಕೆ ಕ್ಲೈಂಟ್ ಭೇಟಿಗೆ ಹೋಗುವಾಗ ಮಾಡೆಲ್ ನಂಬರ್ ಬರೆದುಕೊಟ್ಟೆ. ಅವಳು ತಂದಳು. ಪುಟ್ಟ ಪ್ಲಾಸ್ಟಿಕ್ ಚೀಲ, ಒಳಗೆ ಎರಡು ಕಾಲಿಗೆ ಬೇಕಾದ ಬುಷ್, ಸೀಲು ಎಲ್ಲ. ಮಾವನಿಗೆ ಕೊಡಬೇಕೆಂದು ಉತ್ಸಾಹದಿಂದಲೇ ಮನೆಗೆ ಬಂದೆ.

ಕೊಡಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಮನೆ ಮನೆಯಂತಾಗಿತ್ತು, ಸಾಕೇತ್. ಬೆಳಿಗ್ಗೆ ಬೂಟು ಕಟ್ಟಿಕೊಂಡು ಬಾಗಿಲಿಗೆ ಹೋಗುವ ಬದಲು ಅವರು ವರಾಂಡಕ್ಕೆ ಹೋಗುತ್ತಿದ್ದರು. ಕೊಳವೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಬನಿಯನ್ನಿನಿಂದ ಒರೆಸಿ, ಬೋಲ್ಟುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ನನ್ನನ್ನು ಕರೆಯುತ್ತಿದ್ದರು. "ಬುಷ್ ಬಂತಾ, ಗೋಪಾಲ?" "ನಾಳೆ ಬರುತ್ತೆ ಸಾಬ್." "ಅಚ್ಛಾ. ಬಂದ ಮೇಲೆ ಹೇಳು." ಅಷ್ಟೇ. ತಿಂಡಿ ತಿನ್ನುತ್ತಿದ್ದರು, ಔಷಧಿ ನುಂಗುತ್ತಿದ್ದರು, ಬಿಸಿಲಲ್ಲಿ ಕೂತು ತೂಕಡಿಸುತ್ತಿದ್ದರು. ಮರುದಿನ ಬೆಳಿಗ್ಗೆ ಅವರಿಗೆ ನಿನ್ನೆಯ ನಾಳೆ ನೆನಪಿರುತ್ತಿರಲಿಲ್ಲ. ಫೋರ್ಕ್ ಬಿಚ್ಚಿರುವವರೆಗೆ ಅವರು ಎಲ್ಲಿಗೂ ಹೋಗುವುದಿಲ್ಲ. ಜೋಡಿಸಿಬಿಟ್ಟರೆ ಡಾಕ್ ಹೊತ್ತು ಹೊರಟೇ ಹೊರಡುತ್ತಾರೆ. ನಾನು ಆ ಪ್ಲಾಸ್ಟಿಕ್ ಚೀಲವನ್ನು ರಾಗಿಹಿಟ್ಟಿನ ಡಬ್ಬಿಯೊಳಗೆ ತಳದಲ್ಲಿ ಹೂತಿಟ್ಟೆ. ಮುದ್ದೆಗೆ ಹಿಟ್ಟು ತೆಗೆಯುವಾಗೆಲ್ಲ ಬೆರಳಿಗೆ ತಾಗುತ್ತಿತ್ತು. ವಾರಗಟ್ಟಲೆ ಹೀಗೇ ನಡೆಯಿತು. ನೀನು ಇದ್ದಿದ್ದರೆ ನಿನ್ನನ್ನು ಕೇಳುತ್ತಿದ್ದೆ, ಇದು ಸರಿಯಾ ಎಂದು. ಕೇಳಲು ಯಾರೂ ಇರಲಿಲ್ಲ.

ಮೊನ್ನೆ ಸೋಮವಾರದ ಹಿಂದಿನ ಸೋಮವಾರ ನಾನು ಆಫೀಸಿನಲ್ಲಿದ್ದೆ. ಅಂಕಲ್‌ಗೆ ಬಳ್ಳಾರಿಯಿಂದ ಫೋನ್ ಬಂದು ಮಹಡಿಗೆ ಹೋಗಿ ಮಾತಾಡಿ ಇಳಿದು ಬರುವಷ್ಟರಲ್ಲಿ ವರಾಂಡ ಖಾಲಿ. ಚಪ್ಪಲಿ ಇತ್ತು, ಬೂಟು ಇರಲಿಲ್ಲ. ತಟ್ಟೆಯಲ್ಲಿ ಬೋಲ್ಟುಗಳ ಪಕ್ಕ ಇಟ್ಟಿದ್ದ ಸವೆದ ಬುಷ್ ಇರಲಿಲ್ಲ.

ಅವರು ಬುಷ್ ಹುಡುಕಿಕೊಂಡು ಹೋಗಿದ್ದರು. ನನಗೆ ಅದು ಆ ಕ್ಷಣವೇ ತಿಳಿಯಿತು. ಸ್ಯಾಂಪಲ್ ಹಿಡಿದು ಹೋಗಿದ್ದರು, ಗೋಪಾಲನ ಕೈಲಿ ಆಗದ ಕೆಲಸವನ್ನು ತಾವೇ ಮಾಡಲು.

ನಾನೂ ಅಂಕಲ್ಲೂ ಮೊದಲು ಸೆಕ್ಟರಿನ ಗಲ್ಲಿಗಳನ್ನು ನೋಡಿದೆವು. ಆಮೇಲೆ ಬಸ್ ಸ್ಟಾಪುಗಳು, ಪಾರ್ಕುಗಳು, ಗುಡಿ. ಆಟೋ ಹಿಡಿದು ಯಮುನೆಯ ಒಡ್ಡಿನ ಉದ್ದಕ್ಕೂ ಹೋದೆವು. ಕೆಳಗೆ ನದಿಯಂಚಿನ ಹೊಲಗಳಲ್ಲಿ ಮೂಲಂಗಿ ಕೀಳುತ್ತಿದ್ದ ಹೆಂಗಸರನ್ನು ಕೇಳಿದೆ, ಮರಳಿನಲ್ಲಿ ಚಪ್ಪಲಿ ಹೂತುಕೊಳ್ಳುತ್ತಾ ನೀರಿನ ಅಂಚಿನವರೆಗೆ ಹೋಗಿ ಬಂದೆ. ಆ ಕಪ್ಪು ನೀರನ್ನು ಯಾಕೆ ಅಷ್ಟು ಹೊತ್ತು ನೋಡಿದೆನೋ. ಪೊಲೀಸ್ ಚೌಕಿಯಲ್ಲಿ ಫೋಟೋ ಕೇಳಿದರು. ನನ್ನ ಪರ್ಸಿನಲ್ಲಿದ್ದದ್ದು ನಮ್ಮ ಮದುವೆಯದು. ಮಾವ ಕೊಡಗಿನ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ತಲೆಗೆ ಪೇಟ ಸುತ್ತಿ ನಿಂತಿರುವ ಫೋಟೋ. ಕಾನ್‌ಸ್ಟೇಬಲ್ ಕೇಳಿದ, "ಇದೇ ಡ್ರೆಸ್ಸಿನಲ್ಲಿ ಹೋಗಿದ್ದಾರಾ?" ನಾನು ನಗಲೋ ಅಳಲೋ ಗೊತ್ತಾಗದೆ ಗೋಡೆಗೆ ಒರಗಿ ನಿಂತೆ. ಮಗ ಎಲ್ಲಿ ಎಂದ. ಗುಡಗಾಂವಿನಲ್ಲಿ ಎಂದೆ. ಕರೆಸಿ ಎಂದ. ಅಲ್ಲೇ ಅವನ ಎದುರಿಗೇ ನಿನಗೆ ಫೋನ್ ಮಾಡಿದೆ. ಮೀಟಿಂಗ್‌ನಲ್ಲಿದ್ದೇನೆ ಎಂಬ ಮೆಸೇಜ್ ಬಂತು. ಅದನ್ನು ಅವನಿಗೆ ತೋರಿಸಲಿಲ್ಲ. ನೆಟ್‌ವರ್ಕ್ ಇಲ್ಲ ಎಂದು ಸುಳ್ಳು ಹೇಳಿದೆ.

ಸಂಜೆ ಕರೋಲ್ ಬಾಗಿನಲ್ಲಿದ್ದೆ. ಅದೇ ಗಲ್ಲಿ, ಅದೇ ಅಂಗಡಿಗಳು, ಕೈಯಲ್ಲಿ ಈ ಸಲ ಫೋಟೋ. ಭಯ್ಯಾ, ಇವರು ಬಂದಿದ್ದರಾ, ಒಂದು ಪುಟ್ಟ ತಾಮ್ರದ ಉಂಗುರದಂಥದ್ದು ತೋರಿಸಿದರಾ? ಶಟರ್ ಎಳೆಯುತ್ತಾ ಎಲ್ಲರೂ ಇಲ್ಲ ಎಂದರು. ಮಂಜು ಇಳಿಯುತ್ತಿತ್ತು. ಅವರ ಸ್ವೆಟರ್ ಮನೆಯ ಕುರ್ಚಿಯ ಬೆನ್ನಿಗೇ ನೇತಾಡುತ್ತಿದ್ದದ್ದು ಆಗ ನೆನಪಾಯಿತು. ಚಳಿಗೆ ಸತ್ತು ಹೋದರೆ, ಯಾವುದೋ ಫುಟ್‌ಪಾತಿನಲ್ಲಿ, ಮುಷ್ಟಿಯಲ್ಲಿ ಆ ಬುಷ್ ಹಿಡಿದುಕೊಂಡು? ಅವರು ಹುಡುಕಿಕೊಂಡು ಹೋದ ವಸ್ತು ನನ್ನ ಅಡುಗೆಮನೆಯಲ್ಲಿತ್ತಲ್ಲ. ಮನೆಗೆ ಬಂದು ಡಬ್ಬಿಯನ್ನು ನೆಲಕ್ಕೆ ಬಗ್ಗಿಸಿ ಆ ಚೀಲವನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತೆ. ಕೈಮೈಯೆಲ್ಲ ಹಿಟ್ಟು. ಅಂಕಲ್ ಬಂದು ನೋಡಿ, ಪೊರಕೆ ತಂದು ಗುಡಿಸಿದರು.

ಮರುದಿನ ಮಧ್ಯಾಹ್ನ ಮನೆಯ ಲ್ಯಾಂಡ್‌ಲೈನಿಗೆ ದಿಲ್ಲಿ ಕಂಟೋನ್ಮೆಂಟಿನ ಒಂದು ಯೂನಿಟ್ಟಿನಿಂದ ಫೋನ್ ಬಂತು. ನಿಮ್ಮ ಮನೆಯ ಹಿರಿಯರು ಇಲ್ಲಿದ್ದಾರೆ ಎಂದರು.

ಹೇಗೆ ಹೋದರೋ, ಯಾವ ಬಸ್ಸು ಹತ್ತಿದರೋ, ಯಾರಿಗೂ ಗೊತ್ತಿಲ್ಲ. ಗೇಟಿಗೆ ಬಂದು ಸೆಂಟ್ರಿಯ ಮುಂದೆ ಅಟೆನ್ಷನ್‌ನಲ್ಲಿ ನಿಂತರಂತೆ. ಹೆಸರು ಕೇಳಿದರೆ ತೊದಲಿದರಂತೆ, ಮನೆ ಎಲ್ಲಿ ಎಂದರೆ ಹೇಳಲಿಲ್ಲವಂತೆ. ಆದರೆ ಆರ್ಮಿ ನಂಬರ್, ರ‍್ಯಾಂಕು, ಟ್ರೇಡು ಒಂದೇ ಉಸಿರಿನಲ್ಲಿ ಹೇಳಿದರಂತೆ. ಅಲ್ಲಿನ ಸುಬೇದಾರರು ಆ ನಂಬರ್ ಹಿಡಿದು ರೆಕಾರ್ಡ್ ಆಫೀಸಿಗೆ ಫೋನ್ ಮಾಡಿ, ಪೆನ್ಷನ್ ಕಾಗದದಲ್ಲಿದ್ದ ನಮ್ಮ ವಿಳಾಸ, ಫೋನ್ ನಂಬರ್ ತೆಗೆಸಿದ್ದಾರೆ. ನಾನು ಹೋದಾಗ ಗಾರ್ಡ್‌ರೂಮಿನಲ್ಲಿ ಕಂಬಳಿ ಹೊದ್ದು, ಗ್ಲಾಸಿನಲ್ಲಿ ಚಹಾ ಹಿಡಿದು ಕೂತಿದ್ದರು. ಪಾದ ಊದಿ ಬೂಟು ಕತ್ತರಿಸಿ ತೆಗೆಯಬೇಕಾಗಿತ್ತಂತೆ. ಸ್ಟೋರಿನಿಂದ ಫೋರ್ಕ್ ಬುಷ್ ಇಶ್ಯೂ ಮಾಡಿ ಎಂದು ಬಂದಾಗಿನಿಂದ ಕೇಳುತ್ತಿದ್ದಾರೆ, ನಾವು ಏನೋ ಹೇಳಿ ಸಮಾಧಾನ ಮಾಡಿದ್ದೇವೆ ಎಂದರು ಸುಬೇದಾರರು.

ಮಾವ ನನ್ನನ್ನು ನೋಡಿದರು. ಗುರುತು ಸಿಕ್ಕಿತು.

"ಗೋಪಾಲ, ಇವರೂ ನಾಳೆ ಅಂತಾರೆ. ಯಾರನ್ನ ಕೇಳಿದರೂ ನಾಳೆ ಅಂತಾರೆ."

ಅವರ ದನಿಯಲ್ಲಿ ದೂರು ಇರಲಿಲ್ಲ, ಸಾಕೇತ್. ಸೋತಿದ್ದರು. ನಾನು ಅವರ ಪಾದದ ಹತ್ತಿರ ನೆಲದ ಮೇಲೆ ಕೂತು, "ಬಂತು ಸಾಬ್, ಬುಷ್ ಬಂತು" ಎಂದೆ. ಆ ಸುಬೇದಾರರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಅವರ ಪಾದದ ಊತ ಇಳಿದ ಮೇಲೆ, ಕಳೆದ ಶನಿವಾರ, ಜೋಡಿಸಿದೆವು. ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಮುಗಿಯಿತು. ಅಷ್ಟು ಸಣ್ಣ ಕೆಲಸಕ್ಕೆ ನಾನು ಅಷ್ಟು ದಿನ ಕಾಯಿಸಿದ್ದೆ. ಹೊಸ ಬುಷ್ಷಿನ ಸೀಳನ್ನು ಉಗುರಿನಿಂದ ಸ್ವಲ್ಪವೇ ಅಗಲಿಸಿ ಕೊಳವೆಯ ಕೆಳಗಿನ ತೋಡಿಗೆ ಕೂರಿಸಬೇಕು. ಜಾಸ್ತಿ ಅಗಲಿಸಿದರೆ ಕೆಟ್ಟಿತು. ಅದನ್ನು ಅವರು ನನಗೆ ಬಿಡಲಿಲ್ಲ, ತಾವೇ ಮಾಡಿದರು. ಆ ಹೊತ್ತಿಗೆ ಬೆರಳು ನಡುಗಲಿಲ್ಲ. ಮೇಲಿನ ಬುಷ್ಷನ್ನು ಪೈಪಿನ ತುಂಡಿನಿಂದ ಸುತ್ತಲೂ ಸಮನಾಗಿ ತಟ್ಟಿ ಇಳಿಸಿದೆವು. ಸೀಲು ಹಾಕುವ ಮುಂಚೆ ಕೊಳವೆಯ ಬಾಯಿಗೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಸುತ್ತಿ ಎಣ್ಣೆ ಸವರಿಸಿದರು, ಅಂಚಿಗೆ ತಾಗಿ ಸೀಲಿನ ತುಟಿ ಹರಿಯಬಾರದೆಂದು. ಎರಡೂ ಕಾಲಿಗೆ ಸಮ ಅಳತೆಯ ಆಯಿಲ್. ಚಕ್ರ ಹಾಕಿ, ಪೆಟ್ಟಿಗೆ ತೆಗೆದು ನೆಲಕ್ಕಿಳಿಸಿ, ಮಾವ ಬ್ರೇಕ್ ಹಿಡಿದು ಜಗ್ಗಿದರು. ಒತ್ತಿದರು, ಬಿಟ್ಟರು, ಮತ್ತೆ ಜಗ್ಗಿದರು. ಏನೂ ಸದ್ದಿಲ್ಲ. ಮುಂದಿನ ಭಾಗ ಮೆತ್ತಗೆ ಇಳಿದು ಮೆತ್ತಗೆ ಎದ್ದಿತು. ಅಂಕಲ್ ಚಪ್ಪಾಳೆ ತಟ್ಟಿದರು. ನಾನು ಕಾಯುತ್ತಾ ನಿಂತಿದ್ದೆ, ಈಗ ಡಾಕ್ ಅನ್ನುತ್ತಾರೆ, ಬೂಟು ಕೇಳುತ್ತಾರೆ ಎಂದು.

ಅವರು ಸೋಪು ಹಚ್ಚಿ ಕೈ ತೊಳೆದರು. ಕೀ ತಂದು ನನ್ನ ಅಂಗೈಯಲ್ಲಿಟ್ಟು, ಬಲು ಮರ್ಯಾದೆಯಿಂದ, "ನಿಮ್ಮ ಗಾಡಿ ರೆಡಿ, ಮೇಡಂ. ತಗೊಂಡು ಹೋಗಿ" ಎಂದರು.

ನಾನು ಮಯೂರಿಯಾಗಿ ಉಳಿದಿರಲಿಲ್ಲ ಎಂಬುದಕ್ಕೆ ಅಭ್ಯಾಸವಾಗಿತ್ತು. ಗೋಪಾಲನಾಗಿಯೂ ಉಳಿಯಲಿಲ್ಲ. ಅವರು ಒಳಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಆವತ್ತಿನಿಂದ ಹಾಗೇ ಇದ್ದಾರೆ. ಬಾಗಿಲಿಗೆ ಹೋಗುವುದಿಲ್ಲ, ವರಾಂಡಕ್ಕೆ ಬರುವುದಿಲ್ಲ, ಏನನ್ನೂ ಕೇಳುವುದಿಲ್ಲ. ಗಂಜಿ ಬಾಯಿಗಿಟ್ಟರೆ ಒಂದೆರಡು ಚಮಚ ಇಳಿಯುತ್ತದೆ, ಉಳಿದದ್ದು ಕಟಬಾಯಿಂದ ಸುರಿಯುತ್ತದೆ. ಅವರು ಓಡಿಹೋಗುತ್ತಾರೆಂದು ಹೆದರುತ್ತಿದ್ದ ನಾನು ಈಗ ಒಂದು ಸಲ ಎದ್ದು ಓಡಲಿ ದೇವರೇ ಎಂದು ಬೇಡುತ್ತಿದ್ದೇನೆ. ಡಾಕ್ಟರ್ ಮನೆಗೇ ಬಂದು ನೋಡಿದರು. ಕಾಯಿಲೆ ಒಂದೊಂದು ಮೆಟ್ಟಿಲು ಇಳಿಯುವುದು ಹೀಗೆಯೇ, ನೀವು ಬುಷ್ ಕೊಟ್ಟಿದ್ದರೂ ಕೊಡದಿದ್ದರೂ ಇದು ಬರುತ್ತಿತ್ತು ಎಂದರು. ಇರಬಹುದು. ನಿನ್ನೆ ಬೆಳಿಗ್ಗೆ ನಾನು ಪಾನಾ ಹಿಡಿದು ಬೈಕಿನ ಮುಂದೆ ಕೂತಿದ್ದೆ. ಮತ್ತೆ ಎಲ್ಲ ಬಿಚ್ಚಿ ಗೋಣಿಚೀಲದ ಮೇಲೆ ಹರಡಿ, ಸಾಬ್, ಬನ್ನಿ, ಬುಷ್ ಹೋಗಿದೆ ಎಂದು ಕರೆಯೋಣ ಅನ್ನಿಸಿತು. ಒಂದು ಬೋಲ್ಟು ಸಡಿಲವೂ ಮಾಡಿದೆ. ಆಮೇಲೆ ಬಿಗಿಮಾಡಿ ಎದ್ದುಬಂದೆ. ಅವರು ಅಷ್ಟು ಚೆನ್ನಾಗಿ ಮಾಡಿದ್ದನ್ನು ಕೆಡಿಸಲು ಕೈ ಬರಲಿಲ್ಲ.

ನಿನ್ನನ್ನು ಬೈಯಲು ಇದನ್ನೆಲ್ಲ ಬರೆಯಲಿಲ್ಲ. ನಿನಗೆ ಬಿದ್ದ ಆ ಏಟು ನನಗೆ ಬೀಳಲಿಲ್ಲ, ಅದರ ನೋವು ನಾನು ಹೇಳಬಾರದು. ನನ್ನನ್ನು ಗುರುತು ಹಿಡಿಯದ ಅಪ್ಪನನ್ನು ನಾನು ಹೇಗೆ ನೋಡಿಕೊಳ್ಳಲಿ ಎಂದು ನೀನು ಕೇಳಿದ್ದೆ. ನನಗೀಗ ಉತ್ತರ ಗೊತ್ತು, ಆದರೆ ಅದು ನಿನಗೆ ಇಷ್ಟವಾಗುವುದಿಲ್ಲ. ಗುರುತು ಹಿಡಿಯದಿದ್ದರೂ ನೋಡಿಕೊಳ್ಳಬಹುದು. ನಾನು ನೋಡಿಕೊಂಡಿಲ್ಲವೇ? ನಾನಂತೂ ಅವರ ಮಗಳೂ ಅಲ್ಲ. ದಾವಣಗೆರೆಯಿಂದ ಬಂದವಳು, ಮದುವೆಯಲ್ಲಿ ನಿಮ್ಮ ಕೊಡಗಿನ ಹಾಡಿಗೆ ಹೆಜ್ಜೆ ಹಾಕಲು ಬಾರದೆ ನಗೆಪಾಟಲಾದವಳು.

ನನ್ನ ಕೈಲಿ ಇನ್ನು ಆಗುವುದಿಲ್ಲ, ಸಾಕೇತ್. ಎಷ್ಟು ಸಲ ಬರೆದು ಹರಿದೆನೋ, ಈ ಒಂದು ವಾಕ್ಯಕ್ಕಾಗಿಯೇ. ಆಗುವುದಿಲ್ಲ. ಬಾ.

ಇನ್ನೂ ನಿನ್ನವಳೇ,
ಮಯೂರಿ

ತಾ.ಕ.: ನಿಜಾಮುದ್ದೀನ್ ಸ್ಟೇಷನ್ನಿನಿಂದ ನನಗೆ ಟಿಕೆಟ್ ಆಗಿದೆ, ಈ ಭಾನುವಾರವಲ್ಲ, ಅದರ ಮುಂದಿನ ಭಾನುವಾರ. ಅಮ್ಮನ ಮನೆಗೆ. ಎಷ್ಟು ದಿನಕ್ಕೆ ಎಂದು ನನಗೇ ಗೊತ್ತಿಲ್ಲ. ಆ ದಿನ ಬೆಳಿಗ್ಗೆ ದೇವೇಂದ್ರಪ್ಪ ಅಂಕಲ್ ಕೂತಿರುತ್ತಾರೆ, ಮಧ್ಯಾಹ್ನ ಅವರೂ ಊರಿಗೆ ಹೊರಡುತ್ತಾರೆ. ಆಮೇಲೆ ಮನೆಯಲ್ಲಿ ನೀನಿರಬೇಕು. ಬಂದವನೇ ನಾನು ಮಗ ಎಂದು ಹೇಳಬೇಡ. ಡ್ಯೂಟಿ ಬದಲಿಗೆ ಬಂದಿದ್ದೇನೆ ಸಾಬ್ ಎಂದು ಹೇಳು, ಬಿಟ್ಟುಕೊಳ್ಳುತ್ತಾರೆ. ಇವತ್ತು ಗಂಜಿ ಕುಡಿಸುವಾಗ, ನನ್ನ ಬದಲಿಗೆ ಬೇರೆಯವರು ಬರುತ್ತಾರೆ ಎಂದೆ. ಗೋಡೆ ನೋಡುತ್ತಲೇ, ಯಾರು ಎಂದರು. ಶನಿವಾರದಿಂದ ಅವರು ಆಡಿದ ಮೊದಲ ಮಾತು ಅದು. ಸಾಕೇತ್ ಎಂದೆ. "ಆ ಹೆಸರಿನವನು ಒಬ್ಬ ನನಗೆ ಗೊತ್ತು" ಎಂದರು. "ಒಳ್ಳೇ ಹುಡುಗ. ಟ್ಯಾಂಕಿನ ಮೇಲೆ ಕೂತರೆ ಕಣ್ಣು ಮುಚ್ಚಿಕೊಳ್ತಾನೆ. ಕಣ್ಣು ಬಿಟ್ಟು ನೋಡೋಕೆ ಹೇಳಿ, ನಾನು ಹಿಡ್ಕೊಂಡಿದ್ದೀನಿ ಅಂತ."